ದೇಶಕ್ಕೆ ತೀರ್ಪು, ದಾನಕ್ಕೆ ಅನುಮಾನ

ಗಲ್ಫ್‌ನಿಂದ ಕೆಟ್ಟ ಸುದ್ದಿಯೊಂದು ಬಂದರೆ ಸಾಕು, 'ಆ ದೇಶದವರೇ ಹಾಗೆ ಮಾರಾಯ್ರೆ' ಎಂದು ತೀರ್ಪು ಕೊಟ್ಟುಬಿಡುತ್ತೇವೆ. 2018ರ ಫೆಬ್ರವರಿಯಲ್ಲಿ ಕುವೈತ್‌ನ ಖಾಲಿ ಫ್ಲ್ಯಾಟೊಂದರ ಫ್ರೀಝರ್‌ನಲ್ಲಿ ಫಿಲಿಪ್ಪೀನ್ಸ್‌ನ ಮನೆಕೆಲಸದ ಹೆಣ್ಣುಮಗಳ ಶವ ಸಿಕ್ಕಾಗ ಹೆಸರು ಕೆಟ್ಟದ್ದು ಕುವೈತಿಗಳದ್ದು. ಆದರೆ ಕೊಲೆಗೆ ಶಿಕ್ಷೆಗೊಳಗಾದ ದಂಪತಿ ಕುವೈತಿಗಳಲ್ಲ. ಗಂಡ ಲೆಬನಾನ್‌ನವ, ಹೆಂಡತಿ ಸಿರಿಯಾದವಳು. ಅವರ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿದ್ದು ಕುವೈತ್ ನ್ಯಾಯಾಲಯ.

ಹಾಗೆಂದು ಕುವೈತ್‌ನ ಲೆಕ್ಕ ಚುಕ್ತಾ ಆಗುವುದಿಲ್ಲ. ಆ ಶವ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇತ್ತು. ಮನೆಯೊಳಗೆ ದುಡಿಯುವವಳು ಕಾಣೆಯಾದರೆ ಕೇಳುವವರಿಲ್ಲ ಎಂಬ ವ್ಯವಸ್ಥೆಗೆ ಆ ದೇಶವೇ ಹೊಣೆ. ಫಿಲಿಪ್ಪೀನ್ಸ್ ಬೈದು ಸುಮ್ಮನೆ ಕೂರಲಿಲ್ಲ, ಹೊಸಬರನ್ನು ಕೆಲಸಕ್ಕೆ ಕಳಿಸುವುದನ್ನೇ ನಿಲ್ಲಿಸಿತು. ಮೇ ತಿಂಗಳಲ್ಲಿ ಒಪ್ಪಂದವಾಯಿತು: ಕೆಲಸದವರ ಪಾಸ್‌ಪೋರ್ಟನ್ನು ಮಾಲೀಕ ಕಿತ್ತಿಟ್ಟುಕೊಳ್ಳುವಂತಿಲ್ಲ. 2023ರಲ್ಲಿ ಮತ್ತೊಬ್ಬಳ ಕೊಲೆಯಾಯಿತು. ಈ ಸಲ ಕೊಂದದ್ದು ಮಾಲೀಕರ ಮಗನೇ, ಅವನಿಗೂ ಶಿಕ್ಷೆಯಾಯಿತು. ದೇಶವನ್ನು ಅಳೆಯಬೇಕಾದ್ದು ಇಲ್ಲಿ. ಹೊರಗಿನವರ ದೂರನ್ನು ಠಾಣೆಯಲ್ಲಿ ಬರೆದುಕೊಳ್ಳುತ್ತಾರೋ, ತಮ್ಮವನೇ ತಪ್ಪು ಮಾಡಿದರೆ ಹಿಡಿಯುತ್ತಾರೋ ಎಂದು. 'ಮುಸ್ಲಿಂ ದೇಶವಲ್ವಾ' ಎಂದು ನಮ್ಮಲ್ಲಿ ಕೆಲವರು ಮುಚ್ಚಿಡುವುದೂ ಸರಿಯಲ್ಲ.

ನಮ್ಮ ರಾಜ್ಯದಲ್ಲೇ, 2025ರ ಮಾರ್ಚ್‌ನಲ್ಲಿ ಹಂಪಿ ಸಮೀಪದ ಸಣಾಪುರದಲ್ಲಿ ಇಸ್ರೇಲಿ ಪ್ರವಾಸಿ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಅದಕ್ಕಾಗಿ ಯಾರಾದರೂ 'ಭಾರತೀಯರೇ ಹಾಗೆ' ಎಂದರೆ ನಾವು ಒಪ್ಪುತ್ತೇವೆಯೇ?

ಕೆಡುಕಾದರೆ ಅದು ಇಡೀ ದೇಶದ ಗುಣ. ಒಳಿತಾದರೆ ಮಾತ್ರ ಒಳಗೇನೋ ಇದೆ ಎಂಬ ಅನುಮಾನ. 2018ರ ಆಗಸ್ಟ್‌ನ ಕೇರಳ ನೆರೆಗೆ ಯುಎಇ ನೆರವಿಗೆ ಮುಂದಾಯಿತು. 700 ಕೋಟಿ ಎಂದರು ಕೇರಳದ ಮುಖ್ಯಮಂತ್ರಿ. ಮೊತ್ತ ಇನ್ನೂ ಅಂತಿಮವಾಗಿಲ್ಲ ಎಂದರು ಯುಎಇ ರಾಯಭಾರಿ. ವಿದೇಶಿ ಸರಕಾರಗಳ ಹಣ ಪಡೆಯುವುದಿಲ್ಲ ಎಂದಿತು ಕೇಂದ್ರ. ಅಷ್ಟರಲ್ಲಿ ಉದ್ದೇಶ ಹುಡುಕುವವರೂ ಹುಟ್ಟಿಕೊಂಡರು. ಉದ್ದೇಶ ಇರಲಿಲ್ಲವೆಂದಲ್ಲ. ತಮ್ಮ ದೇಶದ ಯಶಸ್ಸಿನಲ್ಲಿ ಕೇರಳದವರ ಪಾಲಿದೆ ಎಂದು ದುಬೈ ದೊರೆ ಬಹಿರಂಗವಾಗಿಯೇ ಹೇಳಿದ್ದರು. ಋಣದ ನೆನಪೂ ಒಂದು ಉದ್ದೇಶವೇ ತಾನೆ? ಹೆಸರು ಗಳಿಸುವ ಆಸೆಯೂ ಇದ್ದಿರಬಹುದು. ನಿಯ್ಯತ್ತಿನ ವಿಚಾರ ಅಲ್ಲಾಹನಿಗೆ ಬಿಟ್ಟದ್ದು. ನಾವು ಕೇಳಬೇಕಾದ್ದು ಷರತ್ತು ಏನು, ಸಂತ್ರಸ್ತರ ಕೈಗೆ ಎಷ್ಟು ಸೇರುತ್ತದೆ ಎಂದು.

ನಮ್ಮ ರಮಝಾನ್ ಕಿಟ್‌ಗಳಿಗೂ ಒಂದು ಪ್ರಶ್ನೆ ಇದೆ. ಅಕ್ಕಿ ಚೀಲ ಹಿಡಿದು ನಿಂತ ವಿಧವೆಯ ಫೋಟೋ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಬೀಳುವಾಗ ಆಕೆಯ ಮಕ್ಕಳೂ ಅದೇ ಗ್ರೂಪ್‌ನಲ್ಲಿರುತ್ತಾರೆ. ಕೊಟ್ಟವರ ನಿಯ್ಯತ್ತು ಒಳ್ಳೆಯದೇ ಇರಬಹುದು. ಮುಂದಿನ ರಮಝಾನ್‌ನಿಂದಲಾದರೂ ಫೋಟೋ ಬೇಡವೆಂದು ಜಮಾಅತ್ ಕಮಿಟಿಗಳು ತೀರ್ಮಾನಿಸಲಿ. ಲೆಕ್ಕ ಬೇಕಾದವರು ರಿಜಿಸ್ಟರ್ ನೋಡಲಿ.