ಸೊಪ್ಪಿನ ಶುದ್ಧಿ, ಮಣ್ಣಿನ ಶುದ್ಧಿ

ಚಾತುರ್ಮಾಸದಲ್ಲಿ ನಮ್ಮ ಅನೇಕ ಮನೆಗಳು ಹಸಿರು ಸೊಪ್ಪನ್ನು ವರ್ಜಿಸುತ್ತವೆ. ಉಳಿದ ತಿಂಗಳುಗಳಲ್ಲಿಯೂ ಎಲೆಯೆಲೆಯನ್ನು ಬಿಡಿಸಿ, ಹುಳುವಿಲ್ಲವೆಂದು ಖಚಿತಪಡಿಸಿಕೊಂಡೇ ಅಡಿಗೆಗೆ ಬಳಸುತ್ತೇವೆ. ಜೀವದಯೆಯ ಈ ಎಚ್ಚರ ಶ್ಲಾಘ್ಯವಾದುದು. ಆದರೆ ಕಣ್ಣಿಗೆ ಕಾಣದ, ತೊಳೆದರೂ ಹೋಗದ ದೋಷವೊಂದು ಅದೇ ಎಲೆಯಲ್ಲಿ ಇರಬಹುದು.

ರೈಲುಹಳಿಗಳ ಬದಿಯಲ್ಲಿ ಚರಂಡಿಯ ನೀರಿನಿಂದ ಬೆಳೆಯುವ ಪಾಲಕ, ಮೆಂತ್ಯ, ಹರಿವೆಗಳನ್ನು ನೆರೂಳ, ಡೊಂಬಿವಲಿ, ಕಲ್ಯಾಣಗಳಿಂದ ಮುಂಬಯಿಗೆ ದಿನನಿತ್ಯ ಪ್ರಯಾಣಿಸುವವರು ಬಲ್ಲರು. ಅಂತಹ ನೀರಿನಲ್ಲಿ ಕಾರ್ಖಾನೆಗಳ ತ್ಯಾಜ್ಯವೂ ಬೆರೆತರೆ ಸೀಸ, ಕ್ಯಾಡ್ಮಿಯಂಗಳು ಮಣ್ಣಿಗಿಳಿಯುತ್ತವೆ. ಸೆಗಣಿ ಕೊಳೆತು ಗೊಬ್ಬರವಾಗುತ್ತದೆ, ಲೋಹ ಕೊಳೆಯುವುದಿಲ್ಲ. ಅದು ವರ್ಷವರ್ಷವೂ ಮಣ್ಣಿನಲ್ಲಿ ಕೂಡುತ್ತಾ ಬಂದು ಬೇರಿನ ಮೂಲಕ ಎಲೆಯನ್ನು ಸೇರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ 88 ಕೈಗಾರಿಕಾ ಪ್ರದೇಶಗಳ ಗಾಳಿ, ನೀರು, ನೆಲಗಳನ್ನು ಅಳೆದು 43ನ್ನು ತೀವ್ರ ಕಲುಷಿತವೆಂದು ಗುರುತಿಸಿತು. ಡೊಂಬಿವಲಿ, ನವಿಮುಂಬಯಿಗಳೆರಡೂ ಆ ಪಟ್ಟಿಯಲ್ಲಿದ್ದವು. ತವರು ನಾಡಿನಲ್ಲಿಯೂ ಇದೇ ಕಥೆ: ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿಯು ಬಿಡದಿಯ ಸಮೀಪದ ಬೈರಮಂಗಲ ಕೆರೆಯನ್ನು ಸೇರಿ, ಸುತ್ತಲಿನ ಹೊಲಗಳಿಗೆ ಹರಿದಿದೆ.

ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಅದಕ್ಕೆ ಸುರಕ್ಷಿತವಾದ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡಗಳಲ್ಲಿ ದಶಕಗಳ ಕಾಲ ಉಳಿಯುತ್ತದೆ. ಜಪಾನಿನ ಜಿನ್‌ಜೂ ನದಿಯ ದಡದಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗಿಳಿದು, ಅಲ್ಲಿಯ ಅನ್ನವನ್ನುಂಡವರ ಮೂಳೆಗಳು ಮುರಿಯತೊಡಗಿದವು. ಸರಕಾರವು ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ, ರೋಗ ಕಾಣಿಸಿಕೊಂಡು ದಶಕಗಳೇ ಕಳೆದ ಮೇಲೆ.

ಇದಕ್ಕಾಗಿ ಸೊಪ್ಪು ಬೆಳೆಯುವ ಬಡವನನ್ನು ದೂಷಿಸುವುದು ಸಲ್ಲದು. ಅವನಿಗೆ ದೊರಕಿದ್ದು ಆ ನೀರು ಮಾತ್ರ. ವಾಶಿಯ ಸಗಟು ಮಾರುಕಟ್ಟೆಗೆ ಬರುವ ತರಕಾರಿಯನ್ನು ನಿಯತವಾಗಿ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಬೇಕೆಂದು ಆಹಾರ ಸುರಕ್ಷತಾ ಇಲಾಖೆಯನ್ನು ನಾವು ಒತ್ತಾಯಿಸಬೇಕು. ಮತ ಕೇಳಲು ಬರುವ ನಗರಸೇವಕರಿಗೂ ಈ ಪ್ರಶ್ನೆಯನ್ನು ಹಾಕಬೇಕು.

ನಮ್ಮೊಳಗಿನ ಉದ್ಯಮಿಗಳಿಗೂ ಒಂದು ಮಾತು. ನೆಲವನ್ನೂ ನೀರನ್ನೂ ವ್ಯರ್ಥವಾಗಿ ಘಾಸಿಗೊಳಿಸುವುದನ್ನು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಕರೆದಿದ್ದಾರೆ. ಪೃಥ್ವೀಕಾಯ ಜೀವಗಳನ್ನು ನಂಬುವ ಶ್ರಾವಕನ ಕಾರ್ಖಾನೆಯಿಂದ ಸಂಸ್ಕರಿಸದ ನೀರು ಹೊರಬೀಳುತ್ತಿದ್ದರೆ, ಅವನು ಬಸದಿಗೆ ಕೊಡುವ ಯಾವ ದಾನವೂ ಆ ದೋಷವನ್ನು ತೊಳೆಯಲಾರದು. ಎಲೆಯ ಮೇಲಿನ ಹುಳುವಿಗೆ ತೋರುವ ದಯೆಯು ಎಲೆಯನ್ನು ಹೊತ್ತ ಮಣ್ಣಿಗೂ, ಅದನ್ನುಣ್ಣುವ ಮಗುವಿಗೂ ಸಲ್ಲಬೇಕು.