ನಾನಿಯ ಹಾಡಿಗೂ ಒಂದು ಜಾಗ



ಕವಿಗೂ ಅವನ ಊರಿಗೂ ಇರುವ ನಂಟನ್ನು ಕಣ್ಣಾರೆ ನೋಡಬೇಕಾದರೆ ಶಿವಮೊಗ್ಗ ಜಿಲ್ಲೆಯ ಕುಪ್ಪಳಿಗೆ ಹೋಗಬೇಕು. ಕುವೆಂಪು ಬೆಳೆದ ಮನೆ ಅಲ್ಲಿ ವಸ್ತುಸಂಗ್ರಹಾಲಯವಾಗಿದೆ. ಪುಸ್ತಕಗಳಷ್ಟೇ ಅಲ್ಲ, ಆ ಕಾಲದ ಮನೆಬಳಕೆಯ ಪಾತ್ರೆ, ಸಲಕರಣೆಗಳನ್ನೂ ಜೋಪಾನವಾಗಿ ಇಟ್ಟಿದ್ದಾರೆ.

ನಮ್ಮ ರಾಯಚೂರು ಸೀಮೆಗೂ ಇಂಥ ನಂಟುಗಳ ಕೊರತೆಯಿಲ್ಲ. ತುಂಗಭದ್ರೆಯ ದಡದ ಚೀಕಲಪರ್ವಿ ಮಾನ್ವಿ ತಾಲೂಕಿನ ಸಣ್ಣ ಊರು. 1682ರಲ್ಲಿ ವಿಜಯದಾಸರು ಅಲ್ಲಿನ ಬಡ ಕುಟುಂಬದಲ್ಲಿ ಹುಟ್ಟಿದರು. ಆಗ ಈ ಸೀಮೆ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿತ್ತು. ನಾಲ್ಕು ವರ್ಷಗಳ ನಂತರ, 1686ರಲ್ಲಿ, ಬಿಜಾಪುರ ಔರಂಗಜೇಬನ ವಶವಾಯಿತು. ವಿಜಯದಾಸರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ. ಅವರ ಧರ್ಮ ಬೇರೆ, ನಮ್ಮ ಧರ್ಮ ಬೇರೆ. ಆದರೆ ಅವರು ಹಾಡಿದ ಕನ್ನಡ ನಾವೂ ಆಡುವ ಕನ್ನಡ.

ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ತಿಳಿಸಬೇಕೆಂದು ತರಗತಿಯಲ್ಲೇ ಒಂದು ಪುಟ್ಟ ಪ್ರದರ್ಶನ ಮಾಡಿಸಿದೆ. ಮಕ್ಕಳು ಜಿಲ್ಲೆಯ ನಕಾಶೆ ಬರೆದು, ಪ್ರತಿ ಊರಿನ ಮುಂದೆ ಅಲ್ಲಿನ ಬರಹಗಾರರ ಹೆಸರು ಅಂಟಿಸಿದರು. ಎಲ್ಲ ಮುಗಿದ ಮೇಲೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಇದರಲ್ಲಿ ನಮ್ಮವರು ಯಾರೂ ಇಲ್ಲವಾ?”

ಜೋಳದಹೆಡಗಿಯ ಬಡೇಸಾಹೇಬರ ಹೆಸರು ಹೇಳಿದೆ. ಅವರು ರಾಮದಾಸರೆಂಬ ಹೆಸರಿನಲ್ಲಿ ಕನ್ನಡ ಕೀರ್ತನೆ ರಚಿಸಿದವರು. ಉರ್ದುವಿನ ಗಜಲನ್ನು ಕನ್ನಡದಲ್ಲಿ ಬೆಳೆಸಿದ ನಮ್ಮ ಜಿಲ್ಲೆಯ ಶಾಂತರಸರ ಬಗ್ಗೆಯೂ ಹೇಳಿದೆ. ಅವಳು ತಲೆಯಾಡಿಸಿ ಮತ್ತೆ ಕೇಳಿದಳು: “ಹೆಂಗಸರು?”

ಗೋಪಾಲದಾಸರಿಂದ ಅಂಕಿತ ಪಡೆದ ಹೆಳವನಕಟ್ಟೆ ಗಿರಿಯಮ್ಮನ ಹೆಸರು ನೆನಪಾಯಿತು. ಆದರೆ ನಮ್ಮ ಮನೆಗಳ ಹೆಂಗಸರು? ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ನನ್ನ ನಾನಿ ನೆನಪಾದರು. ಬಿಜಾಪುರದ ಸೂಫಿಗಳು ಹಿಟ್ಟು ಬೀಸುವ ಹೆಂಗಸರಿಗಾಗಿ ದಖನಿ ಭಾಷೆಯಲ್ಲಿ ಚಕ್ಕಿನಾಮಾಗಳನ್ನು ರಚಿಸಿದ್ದರು. ಬೀಸುವ ಕೈ, ಸುತ್ತುವ ಕಲ್ಲು, ಬಾಯಲ್ಲಿ ಅಲ್ಲಾಹನ ಸ್ಮರಣೆ. ನಾನಿಯೂ ಜೋಳ ಬೀಸುತ್ತಾ ಹಾಡುತ್ತಿದ್ದರು. ಅರ್ಧ ದಖನಿ, ಅರ್ಧ ಕನ್ನಡ. ನಾನು ಮದರಸಾದಲ್ಲಿ ಅರಬಿ ಬರೆಯಲು ಕಲಿತೆ, ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದೆ. ಅಷ್ಟೆಲ್ಲ ಬರೆದ ಈ ಕೈ ನಾನಿಯ ಒಂದು ಹಾಡನ್ನೂ ಬರೆದುಕೊಳ್ಳಲಿಲ್ಲ. ಈಗ ನಾನಿ ಇಲ್ಲ. ಬೀಸುಕಲ್ಲು ಹಿತ್ತಲಲ್ಲಿ ಬಿದ್ದಿದೆ. ಧಾಟಿ ಸ್ವಲ್ಪ ನೆನಪಿದೆ, ಮಾತುಗಳಿಲ್ಲ.

ಮರುದಿನ ಮಕ್ಕಳಿಗೆ ಇದನ್ನೇ ಹೇಳಿದೆ. ವಾರ ಕಳೆಯುವುದರೊಳಗೆ ಆ ಹುಡುಗಿ ತನ್ನ ದಾದಿಯ ಲಾಲಿಹಾಡನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಕನ್ನಡ ಲಿಪಿಯಲ್ಲಿ ಬರೆದು ತಂದಳು. ಕೆಳಗೆ ದಾದಿಯ ಹೆಸರು, ಊರಿನ ಹೆಸರು. ಚೀಕಲಪರ್ವಿಯ ಚೀಟಿಯ ಪಕ್ಕದಲ್ಲೇ ಅದನ್ನು ಅಂಟಿಸಿದೆವು.

ಸಹೋದರಿಯರೇ, ನಿಮ್ಮ ಮನೆಯಲ್ಲಿ ವಯಸ್ಸಾದ ತಾಯಿ, ಅತ್ತೆ, ನಾನಿ, ದಾದಿ ಇದ್ದರೆ ಇಂದೇ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊಬೈಲಿನಲ್ಲಿ ಅವರ ದನಿ ಹಿಡಿದಿಡಿ. ಹಾಡೋ, ಒಗಟೋ, ಗಾದೆಯೋ, ಮಕ್ಕಳ ಕೈಯಲ್ಲಿ ಬರೆಸಿ. ಹೇಳಿದವರ ಹೆಸರನ್ನು ಮರೆಯದೆ ಸೇರಿಸಿ. ನಾಳೆ ಯಾರಾದರೂ “ನಮ್ಮವರು ಇಲ್ಲವಾ?” ಎಂದು ಕೇಳಿದರೆ ತೋರಿಸಲು ಒಂದು ಹಾಳೆಯಾದರೂ ಇರಲಿ.