ಪೋಕರ್ ಪಟ್ಟಿ ಬಾಯಿಪಾಠ ಮಾಡ್ಬೇಡಿ, ಎಣಿಸಿ

ಪೋಕರ್ ಹೇಳಿಕೊಡೋರು ಮೊದಲು ಮಾಡೋ ಕೆಲಸ ಅಂದ್ರೆ ಹತ್ತು ಸಾಲಿನ ಒಂದು ಪಟ್ಟಿ ಕೈಗಿಟ್ಟು "ಇದನ್ನ ಬಾಯಿಪಾಠ ಮಾಡ್ಕೊ" ಅನ್ನೋದು. ಥೇಟ್ ಮಗ್ಗಿ ಥರ. ನನಗೇನೋ ಇದು ತಪ್ಪು ದಾರಿ ಅನ್ಸುತ್ತೆ. ಫ್ಲಶ್ ದೊಡ್ಡದೋ ಸ್ಟ್ರೈಟ್ ದೊಡ್ಡದೋ ಅನ್ನೋದು ನೆನಪಿರುತ್ತೆ, ಯಾಕೆ ಅನ್ನೋದು ಮಾತ್ರ ಗೊತ್ತಿರಲ್ಲ. ಆ "ಯಾಕೆ"ಯಲ್ಲೇ ಇರೋದು ಎಲ್ಲಾ.

ಸೂತ್ರ ಒಂದೇ: ಅಪರೂಪಕ್ಕೆ ಬರೋದು ಗೆಲ್ಲುತ್ತೆ. 52 ಎಲೆಗಳಿಂದ ಐದು ಎತ್ಕೊಂಡ್ರೆ ಒಟ್ಟು 25,98,960 ಬೇರೆ ಬೇರೆ ಕೈಗಳು ಸಾಧ್ಯ. ಪಿಯುಸಿಯ ಕಾಂಬಿನೇಷನ್ ಪಾಠ ನೆನಪಿದ್ರೆ ನೀವೇ ತಾಳೆ ನೋಡಬಹುದು. ಇಸ್ಪೀಟು, ಆಟೀನು, ಡೈಮಂಡು, ಕಳಾವರು ಇವನ್ನ "ಜಾತಿ" ಅಂತ ಕರೆದ್ರೆ, ಲೆಕ್ಕ ಹೀಗಿದೆ:

ರಾಯಲ್ ಫ್ಲಶ್ (ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ) - 4
ಸ್ಟ್ರೈಟ್ ಫ್ಲಶ್ (ಒಂದೇ ಜಾತಿ, ಸಾಲಾಗಿ ಐದು) - 36
ಫೋರ್ ಆಫ್ ಎ ಕೈಂಡ್ (ನಾಲ್ಕೂ ರಾಜ, ಆ ಥರ) - 624
ಫುಲ್ ಹೌಸ್ (ಮೂರು ಒಂದು ಥರ, ಎರಡು ಇನ್ನೊಂದು ಥರ) - 3,744
ಫ್ಲಶ್ (ಐದೂ ಒಂದೇ ಜಾತಿ) - 5,108
ಸ್ಟ್ರೈಟ್ (ಸಾಲಾಗಿ ಐದು, ಜಾತಿ ಬೇರೆ ಬೇರೆ) - 10,200
ತ್ರೀ ಆಫ್ ಎ ಕೈಂಡ್ (ಮೂರು ಒಂದೇ ಥರ) - 54,912
ಎರಡು ಜೋಡಿ - 1,23,552
ಒಂದು ಜೋಡಿ - 10,98,240
ಏನೂ ಇಲ್ಲ (ದೊಡ್ಡ ಎಲೆ ಯಾರದ್ದೋ ಅವರದ್ದು) - 13,02,540

ನೋಡಿ, ಬಾಯಿಪಾಠದ ಗೋಜೇ ಇಲ್ಲ. ಸಂಖ್ಯೆ ಬೆಳೀತಾ ಹೋದ ಹಾಗೆ ಬೆಲೆ ಇಳೀತಾ ಹೋಗುತ್ತೆ.

ದೀಪಾವಳಿಗೆ ತೀನ್ ಪತ್ತಿ ಆಡಿ ರೂಢಿ ಇರೋರು ಎಡವೋದು ಇಲ್ಲೇ. ಅಲ್ಲಿ ಸೀಕ್ವೆನ್ಸ್ ಮೇಲೆ, ಕಲರ್ ಕೆಳಗೆ. ಪೋಕರ್‌ನಲ್ಲಿ ಉಲ್ಟಾ. ಕಾರಣ ಮತ್ತೆ ಲೆಕ್ಕವೇ! ಮೂರೇ ಎಲೆಯಾದ್ರೆ ಸೀಕ್ವೆನ್ಸ್ 720, ಕಲರ್ 1,096. ಆದ್ರೆ ತೀನ್ ಪತ್ತಿಯಲ್ಲಿ ಒಂದು ತಮಾಷೆ ಇದೆ. ಟ್ರೇಲ್ (ಮೂರೂ ಒಂದೇ ಥರ) 52 ರೀತಿ ಬರುತ್ತೆ, ಪ್ಯೂರ್ ಸೀಕ್ವೆನ್ಸ್ 48 ರೀತಿ ಮಾತ್ರ. ಅಪರೂಪದ್ದು ಪ್ಯೂರ್ ಸೀಕ್ವೆನ್ಸೇ, ಆದ್ರೂ ಗೆಲ್ಲೋದು ಟ್ರೇಲು. ಅಲ್ಲಿ ಲೆಕ್ಕಕ್ಕಿಂತ ಸಂಪ್ರದಾಯ ದೊಡ್ಡದು :)

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಮೇಲಿನ ಪಟ್ಟಿಯನ್ನ ಕೆಳಗಿಂದ ಓದಿ. ನೂರು ಸಲ ಐದೈದು ಎಲೆ ಎತ್ತಿದ್ರೆ ಸರಾಸರಿ ಐವತ್ತು ಸಲ ಏನೂ ಇರಲ್ಲ, ನಲವತ್ತೆರಡು ಸಲ ಬರೀ ಒಂದು ಜೋಡಿ. ಸ್ಟ್ರೈಟ್ ಮತ್ತು ಅದರ ಮೇಲಿನದ್ದೆಲ್ಲಾ ಸೇರಿಸಿದ್ರೂ ಒಂದು ಸಲವೂ ಪೂರ್ತಿ ಬರಲ್ಲ. ಆದ್ರೆ ನಾವು ಸಿನಿಮಾದಲ್ಲಿ ನೋಡೋದೇನು? 2006ರ 'ಕ್ಯಾಸಿನೊ ರಾಯಲ್'ನ ಕೊನೇ ಆಟದಲ್ಲಿ ಒಂದೇ ಸಲಕ್ಕೆ ಫ್ಲಶ್ಶು, ಎರಡು ಫುಲ್ ಹೌಸು, ಬಾಂಡ್ ಕೈಲಿ ಸ್ಟ್ರೈಟ್ ಫ್ಲಶ್ಶು! ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಏಳು ಎಲೆಯಿಂದ ಐದು ಆರಿಸ್ಕೋತಾರೆ, ಹಾಗಾಗಿ ಒಳ್ಳೇ ಕೈ ಸ್ವಲ್ಪ ಜಾಸ್ತಿ ಬರುತ್ತೆ ನಿಜ. ಆದ್ರೆ ಎದುರಿನವನಿಗೂ ಅಷ್ಟೇ ಜಾಸ್ತಿ ಬರುತ್ತಲ್ಲ! ಟೇಬಲ್ ಮೇಲೆ ನಾಲ್ಕು ಆಟೀನು ಬಿದ್ದಿದ್ರೆ ನಿಮ್ಮ ಫ್ಲಶ್ ಏನು ಅಪರೂಪದ್ದು? ಒಂದೇ ಒಂದು ಆಟೀನು ಇದ್ದವನಿಗೂ ಫ್ಲಶ್ಶೇ.

ಪಟ್ಟಿ ಬಂದ್ರೆ ಆಟ ಬಂದಂಗೆ ಅನ್ನೋ ಭ್ರಮೆಯಲ್ಲೇ ಹೊಸಬರ ದುಡ್ಡು ಹೋಗೋದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನ ನಿಷೇಧಿಸೋ ಮಸೂದೆ ಪಾಸ್ ಮಾಡ್ತು. ಪೋಕರ್ ಕೌಶಲ್ಯವೋ ಅದೃಷ್ಟವೋ ಅನ್ನೋ ಜಗಳ ಅದಕ್ಕೂ ಹಳೇದು. ನಾನು ಹೇಳೋದಿಷ್ಟೇ: ಕೌಶಲ್ಯ ಇದೆ, ಆದ್ರೆ ಅದು ಈ ಹತ್ತು ಸಾಲಿನಲ್ಲಿಲ್ಲ.

ಕಲೀಲೇಬೇಕು ಅಂದ್ರೆ ಒಂದು ಪ್ಯಾಕು, ಒಂದು ಹಿಡಿ ಹುಣಸೆ ಬೀಜ ತಗೊಂಡು ಕೂತ್ಕೊಳ್ಳಿ. ನೂರು ಸಲ ಕಲಸಿ, ಹಂಚಿ, ಏನು ಬಂತು ಅಂತ ಬರ್ಕೊಳ್ಳಿ. ರಾಯಲ್ ಫ್ಲಶ್ ಬಂದ್ರೆ ನನಗೂ ಒಂದು ಮಾತು ಹೇಳಿ. 6,49,740ರಲ್ಲಿ ಒಂದು ಸಲ ಬರೋದಂತೂ ಗ್ಯಾರಂಟಿ ಅಂದ್ಕೋಬೇಡಿ, ಅದೂ ಬರೀ ಸರಾಸರಿ :)